ನೀರಿನ ಮಟ್ಟ

ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಅಪ್ಪ ನನ್ನನ್ನು ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡಕ್ಕೆ ಕರೆದುಕೊಂಡು ಹೋಗಿ, ಅಲ್ಲಿನ ಹಳೆ ಪುಸ್ತಕದ ಅಂಗಡಿಯಲ್ಲಿ ಡ್ರಾಯಿಂಗ್ ಪರೀಕ್ಷೆಯ ಗೈಡೊಂದನ್ನು ಕೊಡಿಸಿದ್ದರು. ನಾನು ಪುಸ್ತಕದ ರಾಶಿಯೊಳಗೆ ಮುಳುಗಿದ್ದರೆ ಅಪ್ಪ ಕಟ್ಟಡ ನೋಡುತ್ತಿದ್ದರು. ಅವರು ಗಾರೆ ಮೇಸ್ತ್ರಿ. ಕಂಬಕ್ಕೆ ಅಂಗೈ ಊರಿ, "ಸುಣ್ಣದ ಗಾರೆ ಕಣಮ್ಮ, ಮುಟ್ಟಿ ನೋಡು. ಈ ಬಿಸಿಲಲ್ಲೂ ಹೆಂಗೆ ತಣ್ಣಗೈತೆ" ಎಂದರು. ಮುಟ್ಟಿ ನೋಡಿದೆ, ನಿಜವಾಗಿಯೂ ತಣ್ಣಗಿತ್ತು. ಹಿಂದಿನವರು ಸುಣ್ಣ ಮರಳನ್ನು ಗಾಣದಲ್ಲಿ ಅರೆದು, ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಸೇರಿಸಿ ಗಾರೆ ಮಾಡುತ್ತಿದ್ದ ಬಗೆಯನ್ನು ಸೈಕಲ್ ತುಳಿಯುತ್ತ ಮನೆ ಬರುವ ತನಕ ಹೇಳಿದರು. ಹಿಂದೆ ಕ್ಯಾರಿಯರ್ ಮೇಲೆ ಕೂತಿದ್ದ ನನ್ನ ಗಮನವೆಲ್ಲ ಗೈಡಿನ ಮೇಲೆಯೇ ಇತ್ತು. ಅದರಲ್ಲಿ ಒಂದು ಪುಟದ ತುಂಬ ಗೆರೆಗಳು. ಒಂದು ಪೆಟ್ಟಿಗೆಯಂಥ ಮನೆ, ಅದರ ಎಡಬಲಕ್ಕೆ ಎರಡು ಚುಕ್ಕೆ, ಮನೆಯ ಗೆರೆಗಳೆಲ್ಲ ಆ ಚುಕ್ಕೆಗಳ ಕಡೆಗೇ ಓಡುತ್ತಿದ್ದವು. ಅದನ್ನು ನೋಡಿದಾಗಲೇ ನನಗೆ ಹೆದರಿಕೆಯಾಗಿತ್ತು.

ಆ ಹೆದರಿಕೆ ಮೂವತ್ತು ವರ್ಷ ಹೋಗಲಿಲ್ಲ. ಪರೀಕ್ಷೆ ಪಾಸಾದೆ, ಪತ್ರಿಕೆಗಳಿಗೆ ಕಥೆಯ ಚಿತ್ರ ಬರೆಯುವುದೇ ಕಸುಬಾಯಿತು. ಇಂಡಿಯನ್ ಇಂಕು, ಕ್ರೋಕ್ವಿಲ್ ನಿಬ್ಬು, ಐವರಿ ಕಾರ್ಡು. ಮನುಷ್ಯರ ಮುಖ, ಸೀರೆಯ ನೆರಿಗೆ, ದನ, ಮರ ಎಲ್ಲವೂ ಕೈಗೆ ಬಂದವು. ಕಥೆಯಲ್ಲಿ ಮನೆ ಬಂದರೆ ಮಾತ್ರ ಮುಂದೊಂದು ತೆಂಗಿನ ಮರ ನಿಲ್ಲಿಸಿಬಿಡುತ್ತಿದ್ದೆ. ಬೀದಿ ಬಂದರೆ ಜನರ ಗುಂಪು. ಕಟ್ಟಡದ ಎದುರು ಏನಾದರೊಂದು ಮರೆ ಇರಲೇಬೇಕು. ನನ್ನೂರಿನವರೇ ಆದ ಆರ್. ಕೆ. ಲಕ್ಷ್ಮಣ್, ಅಣ್ಣ ನಾರಾಯಣ್ ಅವರ ಮಾಲ್ಗುಡಿ ಕಥೆಗಳಿಗೆ ಬರೆದ ಚಿತ್ರಗಳನ್ನು ತೆರೆದಿಟ್ಟುಕೊಂಡು, ಅಷ್ಟು ಕಮ್ಮಿ ಗೆರೆಯಲ್ಲಿ ಒಂದು ಜಗುಲಿ, ಒಂದು ಮಾಡು ನೆಲಕ್ಕೆ ಹೇಗೆ ಕಚ್ಚಿಕೊಂಡು ನಿಲ್ಲುತ್ತದೆ ಎಂದು ಗಂಟೆಗಟ್ಟಲೆ ನೋಡಿದ್ದೇನೆ. ಗುಟ್ಟು ಸಿಕ್ಕಿರಲಿಲ್ಲ.

2012ರ ಆಗಸ್ಟಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ತೀರಿಕೊಂಡರು. ವೈಸರಾಯ್ ಲ್ಯಾನ್ಸ್‌ಡೌನ್ ಮೈಸೂರಿಗೆ ಬಂದದ್ದರ ನೆನಪಿಗೆ 1892ರಲ್ಲಿ ಕಟ್ಟಿದ್ದು ಅದು, ಆಗ 120 ವರ್ಷ. ಅಂಗಡಿಗಳು ಖಾಲಿಯಾದವು, ಕಟ್ಟಡಕ್ಕೆ ಬೀಗ ಬಿತ್ತು. ನಾಲ್ಕು ವರ್ಷಕ್ಕೆ, 2016ರ ಆಗಸ್ಟಿನಲ್ಲೇ, ಎದುರಿನ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಕುಸಿಯಿತು. ಕೆಡವಬೇಕೋ ದುರಸ್ತಿ ಮಾಡಬೇಕೋ ಎಂಬ ವಾದ ವರ್ಷಗಟ್ಟಲೆ ನಡೆಯಿತು. ಆ ದಾರಿಯಲ್ಲಿ ಹೋದಾಗಲೆಲ್ಲ ಇವನ್ನು ಇರುವಾಗಲೇ ಬರೆದಿಡಬೇಕು ಅನ್ನಿಸುತ್ತಿತ್ತು. ಧೈರ್ಯ ಸಾಲುತ್ತಿರಲಿಲ್ಲ.

2021ರಲ್ಲಿ ಹಿರಿಯ ಲೇಖಕರೊಬ್ಬರು ತಮ್ಮ ಮೈಸೂರು ನೆನಪುಗಳ ಪುಸ್ತಕಕ್ಕೆ ಮುಖಪುಟ ಮತ್ತು ಆರು ಚಿತ್ರ ಕೇಳಿದರು. ಎಲ್ಲವೂ ಕಟ್ಟಡಗಳೇ. ಮುಖಪುಟಕ್ಕೆ ಲ್ಯಾನ್ಸ್‌ಡೌನ್. ಚಿತ್ರಗಳು ಫೈಲಿನಲ್ಲೇ ಬರಬೇಕು, ಕಾಗದ ಸ್ಕ್ಯಾನ್ ಮಾಡುವ ರಗಳೆ ಬೇಡ ಎಂದು ಪ್ರಕಾಶಕರು ಹೇಳಿದರು. ಒಪ್ಪಿಕೊಂಡೆ. ಕೂಡಿಟ್ಟ ದುಡ್ಡಿನಲ್ಲಿ ಮಧ್ಯಮ ಬೆಲೆಯ ಟ್ಯಾಬ್, ಪೆನ್ನು ತಂದೆ. ಹೆದರುತ್ತಿದ್ದ ವಿಷಯ, ಗೊತ್ತಿಲ್ಲದ ಸಲಕರಣೆ, ಎರಡೂ ಒಟ್ಟಿಗೇ ಬಂದವು.

ಮೊದಲ ತೊಂದರೆ ಗಾಜು. ಕಾಗದ ನಿಬ್ಬನ್ನು ಹಿಡಿದುಕೊಳ್ಳುತ್ತದೆ, ಎಲ್ಲಿ ನಿಲ್ಲಬೇಕೆಂದು ಕೈಗೆ ಹೇಳುತ್ತದೆ. ಗಾಜಿನ ಮೇಲೆ ಪೆನ್ನು ಜಾರುತ್ತದೆ. ಮೂವತ್ತು ವರ್ಷ ಪಳಗಿದ ಕೈ ಎಳೆದ ಗೆರೆ ಮೊದಲ ದಿನ ಮಗುವಿನ ಗೆರೆಯಂತೆ ನಡುಗಿತು. ಅಂದು ರಾತ್ರಿ ಊಟ ಸೇರಲಿಲ್ಲ. ಪರದೆಗೆ ಕಾಗದದಂತೆ ತರಿತರಿಯಾದ ಒಂದು ಹಾಳೆ ಅಂಟಿಸಿದ ಮೇಲೆ, ದಿನಾ ಬೆಳಿಗ್ಗೆ ಅರ್ಧ ಗಂಟೆ ಬರೀ ಅಡ್ಡಗೆರೆ, ಉದ್ದಗೆರೆ ಎಳೆದ ಮೇಲೆ, ಇಪ್ಪತ್ತು ದಿನಕ್ಕೆ ಕೈ ಹದಕ್ಕೆ ಬಂತು. ಇದು ಅಭ್ಯಾಸದಿಂದ ಹೋಗುವ ಕಷ್ಟ. ಹೋಯಿತು.

ಹೋಗದೆ ಉಳಿದದ್ದು ಜೂಮ್ ಮತ್ತು ಅನ್‌ಡೂ. ಇವೆರಡನ್ನೂ ವರವೆಂದೇ ತಿಳಿದು ಬಳಸುತ್ತಿದ್ದೆ. ಎರಡು ಬೆರಳು ಅಗಲಿಸಿದರೆ ಬೆರಳಗಲದ ಕಿಟಕಿ ಅಂಗೈ ಅಗಲವಾಗುತ್ತದೆ. ಅದರೊಳಗೆ ಹೊಕ್ಕು ಕಿಟಕಿಯ ಪಟ್ಟಿ ಪಟ್ಟಿಯನ್ನೂ, ಕೀಲನ್ನೂ, ಅಂಚಿನಲ್ಲಿ ಸುಣ್ಣ ಎದ್ದುಬಂದದ್ದನ್ನೂ ಬರೆದೆ. ಒಂದು ಕಿಟಕಿಗೆ ಒಂದು ಸಂಜೆ. ಮರುದಿನ ಇನ್ನೊಂದು ಕಿಟಕಿ. ನಾಲ್ಕನೆಯದು ಮುಗಿದ ರಾತ್ರಿ ಬೆರಳು ಕೂಡಿಸಿ ಇಡೀ ಚಿತ್ರ ನೋಡಿದರೆ, ನಾಲ್ಕೂ ಕಿಟಕಿಗಳು ನಾಲ್ಕು ಬೇರೆ ಬೇರೆ ಮನೆಗಳಿಂದ ಕಿತ್ತು ತಂದವುಗಳಂತೆ ಕೂತಿದ್ದವು. ಒಂದೊಂದೂ ಚೆನ್ನಾಗಿತ್ತು, ಗೋಡೆ ಮಾತ್ರ ಅಲೆಯಾಗಿತ್ತು.

ಅನ್‌ಡೂ ಇನ್ನೂ ಕೆಟ್ಟದು. ಎರಡು ಬೆರಳಲ್ಲಿ ಪರದೆ ತಟ್ಟಿದರೆ ಎಳೆದ ಗೆರೆ ಮಾಯ. ಒಂದು ಸಂಜೆ ಸೂರಿನಂಚಿನ ಒಂದೇ ಗೆರೆಯನ್ನು ನಲವತ್ತಕ್ಕೂ ಹೆಚ್ಚು ಸಲ ಎಳೆದು ಅಳಿಸಿದೆ. ಕಾಗದದ ಮೇಲೆ ತಪ್ಪು ಗೆರೆ ಅಲ್ಲೇ ಉಳಿಯುತ್ತದೆ, ಮುಂದಿನ ಗೆರೆ ಅದನ್ನು ನೋಡಿ ತನ್ನ ದಾರಿ ತಿದ್ದಿಕೊಳ್ಳುತ್ತದೆ. ಇಲ್ಲಿ ತಪ್ಪು ಅಳಿದು ಅದರ ಗುರುತೂ ಅಳಿಯುತ್ತಿತ್ತು. ನಲವತ್ತನೇ ಗೆರೆಗೆ ಮೊದಲನೆಯದಕ್ಕಿಂತ ಹೆಚ್ಚೇನೂ ಗೊತ್ತಿರಲಿಲ್ಲ.

ಸೋತು ಫೋಟೋದ ಮೊರೆಹೋದೆ. ಫೋನಿನಲ್ಲಿ ತೆಗೆದ ಚಿತ್ರವನ್ನು ಕೆಳಗಿಟ್ಟು ಮೇಲೆ ಗೆರೆ ಎಳೆದೆ. ಫೋನಿನ ಲೆನ್ಸು ಅಗಲ, ಹತ್ತಿರದ್ದನ್ನು ಹಿಗ್ಗಿಸಿ ದೂರದ್ದನ್ನು ಕುಗ್ಗಿಸುತ್ತದೆ. ಕಟ್ಟಡ ಪೂರ್ತಿ ಬರಲೆಂದು ಫೋನನ್ನು ಸ್ವಲ್ಪ ಮೇಲಕ್ಕೆ ಎತ್ತಿದ್ದೆನಾದ್ದರಿಂದ ಕಂಬಗಳೆಲ್ಲ ಮೇಲೆ ಹೋಗುತ್ತ ಒಂದರ ಕಡೆಗೊಂದು ವಾಲಿದ್ದವು. ಫೋಟೋದಲ್ಲಿ ಅದನ್ನು ಕಣ್ಣು ಕ್ಷಮಿಸುತ್ತದೆ. ಗೆರೆಯಲ್ಲಿ ಕ್ಷಮಿಸುವುದಿಲ್ಲ. ಹದಿನೈದು ದಿನದ ಕೆಲಸ, ಬಿದ್ದುಹೋಗುವಂತಿದ್ದ ಕಟ್ಟಡ. ನಿಜವಾಗಿ ಜನ ಸತ್ತ ಜಾಗವನ್ನು ಹೀಗೆ ಬರೆದೆನಲ್ಲ ಎಂದು ಕಣ್ಣಲ್ಲಿ ನೀರು ಬಂತು. ಲೇಖಕರಿಗೆ ಫೋನ್ ಮಾಡಿ, ನನ್ನಿಂದ ಆಗುವುದಿಲ್ಲ ಸಾರ್ ಎನ್ನಲು ನಂಬರು ಹುಡುಕುತ್ತಿದ್ದೆ.

ಅಪ್ಪ ಹಜಾರದಲ್ಲಿ ಕೂತಿದ್ದರು. ಮಂಡಿನೋವು ಬಂದು ಕೆಲಸ ಬಿಟ್ಟು ಆರು ವರ್ಷವಾಗಿತ್ತು. "ತಾ ನೋಡನ" ಎಂದು ಟ್ಯಾಬ್ ಈಸಿಕೊಂಡು ಮೊಣಕಾಲ ಮೇಲಿಟ್ಟುಕೊಂಡರು. ಬಹಳ ಹೊತ್ತು ನೋಡಿದರು.

"ಯಾವುದರಿಂದ ಶುರು ಮಾಡ್ದೆ?"

"ಕಿಟಕಿಯಿಂದಪ್ಪ."

"ಕಿಟಕಿಯಿಂದ ಮನೆ ಕಟ್ಟೋರು ಯಾರೂ ಇಲ್ಲ ಕಣಮ್ಮ. ಪಾಯ ಎಲ್ಲೈತೆ ಇದಕ್ಕೆ? ಮಟ್ಟ ಎಲ್ಲಿ ಹಿಡ್ದಿದೀಯ?"

ಆಮೇಲೆ ಹಿತ್ತಿಲಿನ ಶೆಡ್ಡಿನಿಂದ ಅವರ ಹಳೆ ಪೈಪು ತರಲು ಹೇಳಿದರು. ಬೆರಳು ದಪ್ಪದ, ಒಳಗಿನದು ಕಾಣುವ ಪ್ಲಾಸ್ಟಿಕ್ ಪೈಪು, ಧೂಳಿಗೆ ಹಳದಿಯಾಗಿತ್ತು. ತೊಳೆದು ನೀರು ತುಂಬಿಸಿದೆವು. ಪೈಪಿನ ಉದ್ದಕ್ಕೂ ಬೆರಳಿಂದ ಚಿಮ್ಮುತ್ತ ಒಳಗೆ ಸಿಕ್ಕಿಕೊಂಡ ಗಾಳಿಗುಳ್ಳೆಗಳನ್ನು ಒಂದೊಂದಾಗಿ ಹೊರಗೆ ಓಡಿಸಿದರು. "ಒಂದು ಗುಳ್ಳೆ ಉಳಿದ್ರೂ ನೀರು ಸುಳ್ಳು ಹೇಳ್ತದೆ." ಒಂದು ತುದಿ ಅವರ ಕೈಯಲ್ಲಿ, ಕುರ್ಚಿಯ ಪಕ್ಕದ ಗೋಡೆಗೆ. ಇನ್ನೊಂದು ತುದಿ ಹಿಡಿದು ನಾನು ಅಡುಗೆಮನೆ ಬಾಗಿಲು, ನಡುಮನೆ, ಬಚ್ಚಲ ಗೋಡೆ ಎಂದು ಓಡಾಡಿದೆ. ನೀರು ತೂಗಾಡಿ ನಿಂತ ಕಡೆಯಲ್ಲೆಲ್ಲ ಪೆನ್ಸಿಲಿನಿಂದ ಗೀಟು ಹಾಕಿದೆ. ಮುಗಿಸಿ ಬಂದು ನೋಡಿದರೆ ಇಡೀ ಮನೆಗೆ ಒಂದೇ ಎತ್ತರದಲ್ಲಿ ಗುರುತು ಬಿದ್ದಿತ್ತು. ನೆಲ ಒಂದು ಕಡೆ ತಗ್ಗು, ಒಂದು ಕಡೆ ಏರು. ಗುರುತುಗಳಿಗೆ ಅದರ ಹಂಗಿಲ್ಲ.

"ಇದರಿಂದ ಮೇಲಕ್ಕೆ ಅಳೀತೀವಿ, ಇದರಿಂದ ಕೆಳಕ್ಕೆ ಅಳೀತೀವಿ. ಲಿಂಟಲ್ಲು, ಸಜ್ಜಾ, ಕಿಟಕಿ ಎಲ್ಲ ಇದರ ಲೆಕ್ಕವೇ. ನಿನ್ನ ಚಿತ್ರದಾಗೆ ಈ ಗೆರೆ ಎಲ್ಲಮ್ಮ?"

ಗೈಡಿನ ಆ ಪುಟ ನೆನಪಾಯಿತು. ಎರಡು ಚುಕ್ಕೆಗಳನ್ನು ಸೇರಿಸಿದ ಅಡ್ಡಗೆರೆಯ ಮೇಲೆ 'ಕಣ್ಣಿನ ಮಟ್ಟ' ಎಂದು ಬರೆದಿತ್ತು. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ: ಕಣ್ಣಿಗಿಂತ ಮೇಲಿನ ಅಡ್ಡಗೆರೆಗಳು ದೂರ ಹೋದಂತೆ ಇಳಿಯುತ್ತವೆ, ಕೆಳಗಿನವು ಏರುತ್ತವೆ. ಬಾಯಿಪಾಠವಾದದ್ದು ಅರ್ಥವಾದದ್ದು ಪೈಪು ಹಿಡಿದು ನಿಂತ ಆ ಮಧ್ಯಾಹ್ನ. ಬಯಲಿನಲ್ಲಿ ನನ್ನಷ್ಟೇ ಎತ್ತರದವರು ನೂರು ಜನ ನಿಂತರೆ, ಹತ್ತಿರದವರಾಗಲಿ ದೂರದವರಾಗಲಿ, ಅವರೆಲ್ಲರ ಕಣ್ಣು ಒಂದೇ ಗೆರೆಯ ಮೇಲೆ ಬರುತ್ತದೆ. ನನ್ನ ಕಣ್ಣೇ ಪೈಪಿನ ಒಂದು ತುದಿ. ಲೇಖಕರ ನಂಬರು ಹುಡುಕುವುದನ್ನು ಬಿಟ್ಟೆ.

ಮರುದಿನ ಬೆಳಿಗ್ಗೆ ಏಳಕ್ಕೆ ಲ್ಯಾನ್ಸ್‌ಡೌನ್ ಕಟ್ಟಡದ ಬಳಿಯ ಚಿಕ್ಕ ಗಡಿಯಾರದ ಹತ್ತಿರ ಹೋಗಿ ನಿಂತೆ. 1886ರ ಆ ಗಡಿಯಾರ ಗೋಪುರದ ಬಳಿ ಆ ಹೊತ್ತಿಗೆ ಹೂವಿನವರು, ಸೊಪ್ಪಿನವರು ಬಂದಿರುತ್ತಾರೆ, ಗಿರಾಕಿಗಳು ಕಡಿಮೆ. ಟ್ಯಾಬನ್ನು ಒಯ್ಯಲಿಲ್ಲ, ಬಿಸಿಲಿಗೆ ಅದರ ಪರದೆ ಕಾಣುವುದೂ ಇಲ್ಲ. ಒಂದು ಪೆನ್ಸಿಲು, ಶಾಲೆಯ ನೋಟ್‌ಬುಕ್ಕು. ಕೈ ಚಾಚಿ ಪೆನ್ಸಿಲನ್ನು ಕಣ್ಣಿಗೆ ನೇರ ಅಡ್ಡ ಹಿಡಿದು, ನನ್ನ ಕಣ್ಣಿನ ಮಟ್ಟ ಕಟ್ಟಡದ ಯಾವ ಭಾಗಕ್ಕೆ ತಾಗುತ್ತದೆ ಎಂದು ನೋಡಿದೆ. ಅಷ್ಟನ್ನೇ ಬರೆದುಕೊಂಡು ಬಂದೆ.

ಟ್ಯಾಬಿನ ಚಿತ್ರದ ಆ್ಯಪ್‌ನಲ್ಲಿ ಪರ್ಸ್‌ಪೆಕ್ಟಿವ್ ಗೈಡ್ ಎಂಬ ಸೌಲಭ್ಯವಿತ್ತು. ಅದನ್ನು ಮೊದಲೂ ಬಳಸಿದ್ದೆ, ಎರಡು ಚುಕ್ಕೆಗಳನ್ನೂ ಚಿತ್ರದ ಚೌಕಟ್ಟಿನೊಳಗೇ ಇಟ್ಟಿದ್ದೆ. ಅದಕ್ಕೇ ಕಟ್ಟಡದ ಮೂಲೆ ಹಡಗಿನ ಮೂತಿಯಂತೆ ಚೂಪಾಗಿತ್ತು. ತಲೆ ತಿರುಗಿಸದೆ ನಮಗೆ ನೆಟ್ಟಗೆ ಕಾಣುವುದು ಸುಮಾರು 60 ಡಿಗ್ರಿಯಷ್ಟು ಅಗಲ, ಅದರಾಚೆಯದನ್ನೂ ಒಂದೇ ಹಾಳೆಗೆ ತುರುಕಿದರೆ ಎಲ್ಲವೂ ಎಳೆದಂತಾಗುತ್ತದೆ. ಶಾಲೆಯಲ್ಲಿ ನಮ್ಮ ಡ್ರಾಯಿಂಗ್ ಮೇಷ್ಟ್ರು ಹಾಳೆಯನ್ನು ನೆಲಕ್ಕೆ ಅಂಟಿಸಿ, ಮಾರು ದೂರದಲ್ಲಿ ಗುಂಡುಸೂಜಿ ಚುಚ್ಚಿ, ಅದಕ್ಕೆ ದಾರ ಕಟ್ಟಿ, ದಾರದ ಗುಂಟ ಸ್ಕೇಲಿಟ್ಟು ಗೆರೆ ಎಳೆಸುತ್ತಿದ್ದರು. ಅದೇ ದಾರ ಇಲ್ಲಿಯೂ ಬೇಕಿತ್ತು. ಚಿತ್ರವನ್ನು ಬೆರಳಿನಿಂದ ಅಂಚೆಚೀಟಿಯಷ್ಟು ಚಿಕ್ಕದು ಮಾಡಿದೆ. ಪರದೆಯ ತುಂಬ ಖಾಲಿ ಜಾಗ. ಎಡದ ಚುಕ್ಕೆಯನ್ನು ಹಿಡಿದು ಖಾಲಿ ಜಾಗದ ಕೊನೆಯ ತನಕ ಎಳೆದೆ, ಬಲದ್ದನ್ನು ಅಷ್ಟಕ್ಕಿಂತ ಸ್ವಲ್ಪ ಕಡಿಮೆ. ಎರಡೂ ಕಣ್ಣಿನ ಮಟ್ಟದ ಗೆರೆಯ ಮೇಲೆಯೇ. ಚಿತ್ರವನ್ನು ಮತ್ತೆ ದೊಡ್ಡದು ಮಾಡಿದಾಗ ಗೆರೆಗಳು ಎಷ್ಟು ಸಾವಧಾನವಾಗಿ ಇಳಿಯುತ್ತಿದ್ದವು! ಸಂಜೆಯ ಹೊತ್ತು ಆ ಕಟ್ಟಡದ ಪಕ್ಕ ನಡೆದುಹೋಗುವಾಗ ಸೂರು ಇಳಿಯುತ್ತಿದ್ದದ್ದು ಹಾಗೆಯೇ.

ಕಮಾನುಗಳು ಇನ್ನೂ ಉಳಿದಿದ್ದವು. ಮೊದಲ ಸಲ ಒಂದು ಕಮಾನು ಬರೆದು, ಅದನ್ನೇ ಕಾಪಿ ಮಾಡಿ, ಚಿಕ್ಕದು ಮಾಡಿ ಮಾಡಿ ಸಾಲಾಗಿ ಅಂಟಿಸಿದ್ದೆ. ಟ್ಯಾಬ್‌ನಲ್ಲಿ ಇದು ತೀರಾ ಸುಲಭ, ಸುಲಭವಾದ್ದರಿಂದಲೇ ಕೈ ಅತ್ತ ಹೋಗುತ್ತದೆ. ಸೀಲು ಒತ್ತಿದ ಹಾಗೆ ಕಾಣುತ್ತಿತ್ತು. ಕಂಬದಿಂದ ಕಂಬಕ್ಕೆ ಅಂತರ ದೂರ ಹೋದಂತೆ ಕಿರಿದಾಗಬೇಕು ಎಂಬುದು ಗೊತ್ತು, ಎಷ್ಟು ಕಿರಿದಾಗಬೇಕು ಎನ್ನುವುದು ಅಂದಾಜು. ಅಂದಾಜು ಬಿಟ್ಟು ಗೈಡಿನ ದಾರಿ ಹಿಡಿದೆ. ಮೊದಲ ಕಂಬದ ಎತ್ತರದ ನಡುವಿನಿಂದ ದೂರದ ಚುಕ್ಕೆಗೆ ಒಂದು ಗೆರೆ. ಅದು ಎರಡನೇ ಕಂಬವನ್ನೂ ಅದರ ಸರಿನಡುವೆ ದಾಟುತ್ತದೆ. ಈಗ ಮೊದಲ ಕಂಬದ ತಲೆಯಿಂದ ಎರಡನೇ ಕಂಬದ ಆ ನಡುವನ್ನು ಹಾಯ್ದು ಓರೆಯಾಗಿ ಗೆರೆ ಎಳೆದರೆ, ಅದು ನೆಲದ ಗೆರೆಯನ್ನು ಎಲ್ಲಿ ಮುಟ್ಟುತ್ತದೋ ಅಲ್ಲಿ ಮೂರನೇ ಕಂಬದ ಬುಡ. ಹಾಗೆಯೇ ನಾಲ್ಕನೆಯದು, ಐದನೆಯದು. ಒಂದೊಂದು ಅಂಕಣವೂ ಹಿಂದಿನದರಿಂದ ಹುಟ್ಟಿ ಬಂತು. ಪ್ರತಿ ಅಂಕಣದ ಮೂಲೆಯಿಂದ ಮೂಲೆಗೆ ಎರಡು ಓರೆಗೆರೆ ಎಳೆದು, ಅವು ಕೂಡುವ ಜಾಗದ ನೇರಕ್ಕೆ ಕಮಾನಿನ ನೆತ್ತಿ ಇಟ್ಟೆ. ಆ ನೆತ್ತಿ ಸ್ಕೇಲಿನಿಂದ ಅಳೆದ ಮಧ್ಯಕ್ಕೆ ಬರುವುದಿಲ್ಲ, ದೂರದ ಕಂಬದ ಕಡೆಗೆ ಒಂದಿಷ್ಟು ಸರಿದಿರುತ್ತದೆ. ಆ ಒಂದಿಷ್ಟು ಸರಿದದ್ದೇ ತಡ, ಕಮಾನು ಹಾಳೆಯಿಂದ ಎದ್ದು ಬೀದಿಯಲ್ಲಿ ನಿಂತಿತು. ನಾನು ಹಿತ್ತಿಲಿಗೆ ಓಡಿಹೋಗಿ ಅಪ್ಪನಿಗೆ ತೋರಿಸಿದೆ.

ಅವರು ನೋಡಿದ್ದು ಕಮಾನನ್ನಲ್ಲ, ಅದರ ಸುತ್ತ ಬಲೆಯಂತೆ ಹಬ್ಬಿದ್ದ ನೀಲಿ ಗೆರೆಗಳನ್ನು. "ಇದು ಸೆಂಟ್ರಿಂಗು" ಎಂದರು. ಕಮಾನು ತಾನಾಗೇ ನಿಲ್ಲುವುದಿಲ್ಲ, ಕೆಳಗೆ ಮರದ ಸೆಂಟ್ರಿಂಗ್ ಕೊಟ್ಟು ಅದರ ಮೇಲೆ ಇಟ್ಟಿಗೆ ಜೋಡಿಸುತ್ತಾರೆ. ನೆತ್ತಿಯ ಇಟ್ಟಿಗೆ ಕೂತು ಗಾರೆ ಬಿಗಿಯುವ ತನಕ ಅದನ್ನು ಮುಟ್ಟುವಂತಿಲ್ಲ. "ಬಿಚ್ಚೋಕೆ ಆತುರ ಮಾಡಬ್ಯಾಡ."

ಅವತ್ತೇ ನನ್ನ ಲೇಯರುಗಳಿಗೆ, ಅಂದರೆ ಆ್ಯಪ್‌ನಲ್ಲಿ ಚಿತ್ರ ಒಂದರ ಮೇಲೊಂದಾಗಿ ಕೂರುವ ಪದರಗಳಿಗೆ, ಒಂದು ಶಿಸ್ತು ಬಂತು. ಅದಕ್ಕೆ ಮೊದಲು ಅಲ್ಲಿ ಸಂತೆ. ಎ-3 ಅಳತೆಯ ಹಾಳೆಗೆ ಇಂಚಿಗೆ 300 ಚುಕ್ಕೆಯಂತೆ 3508ಕ್ಕೆ 4961, ಅಂದರೆ ಒಂದು ಕೋಟಿ 74 ಲಕ್ಷ ಚುಕ್ಕೆ. ಒಂದೊಂದು ಲೇಯರ್ ತೆರೆದಾಗಲೂ ಸುಮಾರು 70 ಎಂಬಿ ಜಾಗ ಹೋಗುತ್ತದೆ. ನನ್ನ ಟ್ಯಾಬಿನ ಶಕ್ತಿಗೆ ಒಂಬತ್ತು ಲೇಯರ್ ಮುಗಿದ ಮೇಲೆ ಹತ್ತನೆಯದು ತೆರೆಯುತ್ತಿರಲಿಲ್ಲ. ಆಗ ಸಿಕ್ಕಿದ ಎರಡನ್ನು ಕೂಡಿಸಿಬಿಡುತ್ತಿದ್ದೆ. ಒಮ್ಮೆ ಗೆರೆಯನ್ನೂ ಆಕಾಶದ ಬಣ್ಣವನ್ನೂ ಕೂಡಿಸಿ, ಉಳಿಸಿ, ಮುಚ್ಚಿ ಮಲಗಿದೆ. ಬೆಳಿಗ್ಗೆ ಆಕಾಶ ತಿದ್ದಲು ಹೋದರೆ ಸೂರಿನಂಚೆಲ್ಲ ಅಳಿದು ಬಂತು. ಈಗ ಹೆಸರಿಟ್ಟೆ, ಅಪ್ಪನ ಮಾತಿನಲ್ಲೇ: ಎಲ್ಲಕ್ಕಿಂತ ಕೆಳಗೆ ನೀರಿನ ಮಟ್ಟ, ಅದರ ಮೇಲೆ ಸೆಂಟ್ರಿಂಗು, ಆಮೇಲೆ ಪಾಯ-ಕಂಬ, ಕಮಾನು, ಗಾರೆ, ಸುಣ್ಣ, ನೆರಳು, ಜನ. ಎಂಟೇ ಸಾಕಾಯಿತು, ಒಂದು ಉಳಿಯಿತು. ಕಟ್ಟಡ ಎದ್ದ ಕ್ರಮದಲ್ಲೇ ಚಿತ್ರ ಎದ್ದಿತು. ಕಂಬಗಳು ನಿಲ್ಲುವ ತನಕ ಜೂಮ್ ಮಾಡುವುದಿಲ್ಲ ಎಂದು ವ್ರತ ಹಿಡಿದೆ. ಗೆರೆ ತಪ್ಪಿದರೆ ಅಳಿಸದೆ ಪಕ್ಕದಲ್ಲೇ ಇನ್ನೊಂದು ಎಳೆದೆ, ಮೂರು ಎಳೆದ ಮೇಲೆ ಯಾವುದು ಉಳಿಯಬೇಕೆಂದು ಕಣ್ಣಿಗೇ ಗೊತ್ತಾಗುತ್ತಿತ್ತು. ಕೊನೆಗೆ, ಗಾರೆಯ ಲೇಯರಿಗೆ ಬಂದಾಗ, ಮೊದಲ ಬಾರಿ ಒಳಗೆ ಹೊಕ್ಕು ಕಿಟಕಿಯ ಪಟ್ಟಿ, ಕೀಲು, ಎದ್ದ ಸುಣ್ಣ ಬರೆದೆ. ಈಗ ಅವಕ್ಕೆ ಕೂರಲು ಗೋಡೆಯಿತ್ತು.

ಕುಸಿದ ಭಾಗವನ್ನು ಏನು ಮಾಡುವುದೆಂದು ನಾಲ್ಕು ದಿನ ಯೋಚಿಸಿದೆ. ಲೇಖಕರಿಗೆ ತಾವು ಕಂಡ ಹಳೆಯ ಕಟ್ಟಡ ಪೂರ್ತಿಯಾಗಿ ಬೇಕಿತ್ತು. ಅಲ್ಲಿ ಏನೂ ಆಗಿಲ್ಲ ಎಂಬಂತೆ ಬರೆಯಲು ನನ್ನ ಮನಸ್ಸು ಒಪ್ಪಲಿಲ್ಲ. ಕೊನೆಗೆ ಆ ಭಾಗಕ್ಕೆ ಗಾರೆ ಹಚ್ಚಲಿಲ್ಲ, ಸುಣ್ಣ ಬಳಿಯಲಿಲ್ಲ, ಸೆಂಟ್ರಿಂಗಿನ ತೆಳು ನೀಲಿ ಗೆರೆಗಳನ್ನು ಹಾಗೇ ಬಿಟ್ಟೆ. ಕಟ್ಟಡ ಪೂರ್ತಿ ಇತ್ತು, ಅಷ್ಟು ಕಡೆ ಮಾತ್ರ ಆಕಾಶ ಒಳಗಿಂದ ಕಾಣುತ್ತಿತ್ತು. ಲೇಖಕರು ಫೈಲು ನೋಡಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇರಲಿ ಬಿಡಿ, ಹೀಗೇ ಇರಲಿ" ಎಂದರು.

ಅಚ್ಚಿನಲ್ಲಿ ಒಂದು ಪೆಟ್ಟು ತಿಂದೆ. ಪರದೆಯ ಬಣ್ಣ ಬೆಳಕಿನದು, ಕೆಂಪು ಹಸಿರು ನೀಲಿ ಬೆಳಕು ಬೆರೆತು ಆದದ್ದು. ಅಚ್ಚಿನ ಬಣ್ಣ ಕಾಗದದ ಮೇಲೆ ಕೂತ ನಾಲ್ಕು ಶಾಯಿಗಳದ್ದು. ಪರದೆಯಲ್ಲಿ ಹೊಳೆಯುತ್ತಿದ್ದ ನನ್ನ ಮುಂಜಾವಿನ ನೀಲಿ ಮೊದಲ ಪ್ರೂಫಿನಲ್ಲಿ ಮಂಕಾಗಿ ಬಂತು. ಅಚ್ಚಿನವರೊಬ್ಬರು ಪಕ್ಕ ಕೂರಿಸಿಕೊಂಡು, ಶಾಯಿಗೆ ಸಿಗದ ಬಣ್ಣಗಳು ಯಾವುವೆಂದು ತಾಳ್ಮೆಯಿಂದ ತೋರಿಸಿಕೊಟ್ಟರು. ಸುಣ್ಣ ಬೇರೆ ಲೇಯರಿನಲ್ಲಿ ಇದ್ದದ್ದರಿಂದ ಒಂದು ಮಧ್ಯಾಹ್ನದಲ್ಲಿ ಸರಿಯಾಯಿತು.

ಪುಸ್ತಕ ಬಂದು ಎರಡು ವರ್ಷವಾಗಿದೆ. ಈಗ ಬರೆಯುತ್ತಿರುವುದು ನಮ್ಮ ಮನೆಯನ್ನು. ಅಪ್ಪ ತಮ್ಮ ಕೈಯಾರೆ ಕಟ್ಟಿದ್ದು, ಪಾಯದಿಂದ ಸಜ್ಜಾದ ತನಕ. ಮೊದಲ ದಿನ ಅಂಗಳದಲ್ಲಿ ನಿಂತು ನನ್ನ ಕಣ್ಣಿನ ಮಟ್ಟ ಹಿಡಿದು ಗೆರೆ ಎಳೆದೆ. ಸರಿಯಾಗಿಯೇ ಇತ್ತು, ಆದರೂ ಮನಸ್ಸಿಗೆ ಹಿಡಿಸಲಿಲ್ಲ. ಅಪ್ಪ ಈಗ ಹೆಚ್ಚು ಹೊತ್ತು ಗೇಟಿನ ಪಕ್ಕ ಬೆತ್ತದ ಕುರ್ಚಿ ಹಾಕಿಸಿಕೊಂಡು ಮನೆಯ ಕಡೆಗೆ ಮುಖ ಮಾಡಿ ಕೂತಿರುತ್ತಾರೆ. ನಿನ್ನೆ ಅವರು ಒಳಗೆ ಹೋದಾಗ ಆ ಕುರ್ಚಿಯಲ್ಲಿ ಕೂತು ನೋಡಿದೆ. ಬಂದು ಎಲ್ಲಕ್ಕಿಂತ ಕೆಳಗಿನ ಲೇಯರ್ ತೆರೆದು, ನೀರಿನ ಮಟ್ಟವನ್ನು ಒಂದೂವರೆ ಅಡಿ ಕೆಳಗಿಳಿಸಿದೆ. ಮೆಟ್ಟಿಲು ಎತ್ತರವಾಯಿತು, ಸಜ್ಜಾದ ಅಡಿಭಾಗ ಕಾಣಿಸತೊಡಗಿತು, ಅಲ್ಲಿ ಅವರ ಕರಣೆ ಬಿಟ್ಟುಹೋದ ಅರ್ಧಚಂದ್ರದ ಗುರುತುಗಳು ಇನ್ನೂ ಇವೆ.